ಬಂಡೆ ಮೊದಲು, ಗೋಡೆ ಆಮೇಲೆ

ಮುಂದಿನ ತಿಂಗಳು ನಮ್ಮ ಹುಡುಗನೊಬ್ಬ ಬೆಟ್ಟದ ಮೇಲಿನ ಕೋಟೆಯೊಂದರ ಗೋಡೆ ದುರಸ್ತಿಗೆ ಸೈಟ್ ಎಂಜಿನಿಯರ್ ಆಗಿ ಹೋಗುತ್ತಿದ್ದಾನೆ. ಕಾಂಕ್ರೀಟು, ಕಂಬಿ ಲೆಕ್ಕ ಚೆನ್ನಾಗಿ ಬಲ್ಲ. ಸುಣ್ಣದ ಗಾರೆ ಅರೆಯುವುದನ್ನು ಮಾತ್ರ ನೋಡಿಲ್ಲ, ಇಳಿಜಾರು ಅರೆಯ ಮೇಲೆ ನಿಂತು ಟೇಪು ಹಿಡಿದಿಲ್ಲ. "ಸಾರ್, ನಿಮಗೆ ಗೊತ್ತಿರೋದನ್ನ ಒಂದಿಷ್ಟು ಬರೆದುಕೊಡಿ" ಅಂದ. ಚಿತ್ರದುರ್ಗ, ತುಮಕೂರು, ರಾಮನಗರ ಸೀಮೆಯ ಕಲ್ಲುಬೆಟ್ಟಗಳಲ್ಲಿ 28 ವರ್ಷ ನಾನು ಮಾಡಿಕೊಂಡು ಬಂದದ್ದು ಇದೇ ಕೆಲಸ. ಅವನಿಗೆಂದು ಬರೆಯಲು ಕೂತಾಗ, ಬೆಟ್ಟ ಹತ್ತುವ ಬೇರೆಯವರಿಗೂ ಇದರಲ್ಲಿ ಕೆಲವು ಉಪಯೋಗಕ್ಕೆ ಬಂದಾವು ಅನಿಸಿತು.

1. ಗೋಡೆ ಇಲ್ಲದ ಜಾಗವನ್ನು ಮೊದಲು ನೋಡಿ

ಕೋಟೆಗೆ ಬಂದವರ ಕಣ್ಣು ಹೋಗುವುದು ಹೆಬ್ಬಾಗಿಲಿಗೆ, ಬತೇರಿಗೆ, ತೆನೆಸಾಲಿಗೆ. ನಾನು ಮೊದಲ ದಿನ ಇವು ಯಾವುದನ್ನೂ ನೋಡುವುದಿಲ್ಲ. ಬೆಟ್ಟದ ಬುಡದಲ್ಲೇ ಪೂರ್ತಿ ಒಂದು ಸುತ್ತು ಬಂದು, ಗೋಡೆ ಎಲ್ಲೆಲ್ಲಿ ನಿಂತುಹೋಗಿದೆ ಎಂದು ಕಾಗದದ ಮೇಲೆ ಗುರುತು ಮಾಡಿಕೊಳ್ಳುತ್ತೇನೆ. ಚಿತ್ರದುರ್ಗದಲ್ಲಿ ಗೋಡೆ ಒಂದು ಹೆಗ್ಗುಂಡಿನ ಮೈಗೆ ಬಂದು ತಾಗಿ ನಿಲ್ಲುತ್ತದೆ. ಗುಂಡು ಮುಗಿದ ಮೇಲೆ ಆಚೆ ಮತ್ತೆ ಶುರುವಾಗುತ್ತದೆ. ನಡುವಿನ ಕಾವಲು ಗುಂಡಿನದು. ಏಳುಸುತ್ತಿನ ಕೋಟೆ ಎನ್ನುತ್ತೇವಲ್ಲ, ಆ ಒಂದೊಂದು ಸುತ್ತಿನಲ್ಲೂ ಮನುಷ್ಯ ಕಟ್ಟಿದ ಪಾಲು, ಬೆಟ್ಟ ಕೊಟ್ಟ ಪಾಲು ಎರಡೂ ಬೆಸೆದುಕೊಂಡಿವೆ. ಮಧುಗಿರಿಯಲ್ಲಂತೂ ಇಡೀ ಬೆಟ್ಟವೇ ಒಂದೇ ಬಂಡೆ. ಕಡಿದಾದ ಮಗ್ಗುಲಿಗೆ ಯಾರೂ ಗೋಡೆ ಕಟ್ಟುವ ಗೋಜಿಗೆ ಹೋಗಿಲ್ಲ. ಮನುಷ್ಯ ಕಾಲಿಟ್ಟು ಹತ್ತಬಹುದಾದ ಕಡೆಗಷ್ಟೇ ಗೋಡೆಯ ಮೇಲೆ ಗೋಡೆ, ಬಾಗಿಲ ಮೇಲೆ ಬಾಗಿಲು.

ದುರ್ಗ ಎಂಬ ಮಾತಿನ ಅರ್ಥವೇ ಹೋಗಲು ಕಷ್ಟವಾದ ಜಾಗ ಎಂದು. ಕಟ್ಟಡದ ಸುದ್ದಿ ಆ ಮಾತಿನೊಳಗೆ ಇಲ್ಲವೇ ಇಲ್ಲ. ಬಾದಾಮಿಯ ಬಂಡೆಯ ಮೇಲೆ ಶಕ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಒಂದನೇ ಪುಲಕೇಶಿ ಬರೆಸಿದ ಶಾಸನವೂ ವಾತಾಪಿಯ ಬೆಟ್ಟವನ್ನೇ ಕೋಟೆಯಾಗಿ ಮಾಡಿದ ವಿಚಾರ ಹೇಳುತ್ತದೆ. ನಾನು ಅದನ್ನು ಮೊದಲ ಸಲ ಓದಿಸಿಕೊಂಡಾಗ ಮೈ ಜುಮ್ಮೆಂದಿತು. ನಮ್ಮ ಕೆಲಸದ ಮೊದಲ ಪಾಠವನ್ನು 1,400 ವರ್ಷಕ್ಕೂ ಹಿಂದೆ ಒಬ್ಬ ಅರಸ ಕಲ್ಲಿನ ಮೇಲೇ ಕೆತ್ತಿಸಿಟ್ಟಿದ್ದಾನೆ.

ಇದಕ್ಕೆ ಎದುರು ಉದಾಹರಣೆ ಬೇಕಾದರೆ ಸಕಲೇಶಪುರದ ಮಂಜರಾಬಾದ್ ಕೋಟೆ ನೋಡಿ ಬನ್ನಿ. ಅಲ್ಲಿ ಗುಡ್ಡದ ನೆತ್ತಿಯ ಸುತ್ತ ಇಂಥ ಬಂಡೆಯ ದರಿ ಇಲ್ಲ. ಹಾಗಾಗಿ ಟಿಪ್ಪುವಿನ ಕಾಲದ ಕಟ್ಟೋಣಗಾರರು 1792ರಲ್ಲಿ ಎಂಟು ಮೂಲೆಯ ನಕ್ಷತ್ರದ ಆಕಾರ ಹಾಕಿದರು. ಯಾವ ಗೋಡೆಯ ಬುಡಕ್ಕೆ ಬಂದರೂ ಪಕ್ಕದ ಮೂಲೆಯಿಂದ ಗುಂಡು ಹಾರಿಸಬಹುದು. ದುರ್ಗದಲ್ಲಿ ಬಂಡೆ ಮಾಡಿದ ಕೆಲಸವನ್ನು ಅಲ್ಲಿ ಮೂಲೆಗಳು ಮಾಡುತ್ತವೆ.

2. ಕಣ್ಣಳತೆ ಬೇಡ, ಕೋಲು ಇಡಿ

ಇಳಿಜಾರಿನ ವಿಷಯದಲ್ಲಿ ಕಣ್ಣು ಸದಾ ಸುಳ್ಳು ಹೇಳುತ್ತದೆ. ಬುಡದಲ್ಲಿ ನಿಲ್ಲಿಸಿ ಹೊಸಬರನ್ನು ಕೇಳಿ ನೋಡಿ, 30 ಡಿಗ್ರಿಯ ಅರೆಯನ್ನು 50, 60 ಅನ್ನುತ್ತಾರೆ. ಮೇಲಿಂದ ಕೆಳಕ್ಕೆ ನೋಡಿದವರು ಇನ್ನೂ ಹೆಚ್ಚು ಹೇಳುತ್ತಾರೆ. ಇದೇ ಕಣ್ಣಳತೆಯಲ್ಲಿ ಅಟ್ಟಣಿಗೆಯ ಕಾಲು ಕತ್ತರಿಸಿದರೆ ಕೆಲಸ ಕೆಟ್ಟಿತು.

ನಾನು ಮಾಡುವುದು ಇಷ್ಟು. ಒಂದು ಮೀಟರ್ ಉದ್ದದ ನೇರ ಕೋಲು, ಅದರ ಮೇಲೆ ರಸಮಟ್ಟ, ತುದಿಗೆ ದಾರ ಕಟ್ಟಿದ ತೂಕದ ಗುಂಡು. ಕೋಲಿನ ಒಂದು ತುದಿಯನ್ನು ಅರೆಗೆ ತಾಗಿಸಿ, ಇನ್ನೊಂದು ತುದಿ ಇಳಿಜಾರಿನ ಕಡೆಗೆ ಗಾಳಿಯಲ್ಲಿ ಬರುವಂತೆ ಮಟ್ಟವಾಗಿ ಹಿಡಿಯಬೇಕು. ಆ ತುದಿಯಿಂದ ಗುಂಡು ಬಿಟ್ಟು, ಬಂಡೆ ಮುಟ್ಟುವವರೆಗಿನ ದಾರ ಅಳೆಯಬೇಕು. 58 ಸೆಂಟಿಮೀಟರ್ ಬಂದರೆ 30 ಡಿಗ್ರಿ. 70 ಬಂದರೆ 35. 84 ಬಂದರೆ 40. ಪೂರ್ತಿ ಒಂದು ಮೀಟರ್ ಬಂದರೆ 45. ಈಗ ಮೊಬೈಲಿನಲ್ಲೂ ಕೋನ ಅಳೆಯುವ ಸೌಲಭ್ಯ ಇದೆ, ನಾನೂ ಬಳಸುತ್ತೇನೆ. ಆದರೆ ಕೋಲಿನಲ್ಲಿ ಅಳೆಯುವಾಗ ಬಂಡೆಯ ಮೇಲೆ ಮಂಡಿಯೂರಿ ಕೂರಲೇಬೇಕು. ಹಾಗೆ ಕೂತಾಗಲೇ ಬಿರುಕು, ಪಾಚಿ, ಹಳೆಯ ಚಾಣದ ಗುರುತು ಕಣ್ಣಿಗೆ ಬೀಳುವುದು.

ಒಣಗಿದ ಒರಟು ಕಣಶಿಲೆಯ ಮೇಲೆ ರಬ್ಬರ್ ಅಡಿಯ ಬೂಟಿನಲ್ಲಿ 30 ಡಿಗ್ರಿಯವರೆಗೆ ಆರಾಮವಾಗಿ ನಡೆಯಬಹುದು. 35 ದಾಟಿದರೆ ಕೈ ತಾನಾಗಿ ಬಂಡೆ ಹುಡುಕುತ್ತದೆ. 40ಕ್ಕೆ ಹಗ್ಗ ಇಲ್ಲದೆ ಯಾರನ್ನೂ ಕೆಲಸಕ್ಕೆ ಬಿಡುವುದಿಲ್ಲ. ಇದು ನನ್ನ ಸೈಟಿನ ನಿಯಮ, ಪುಸ್ತಕದ್ದಲ್ಲ. ಒಂದು ಹನಿ ಮಳೆ ಬಿದ್ದರೆ ಈ ಲೆಕ್ಕವೆಲ್ಲ ರದ್ದು.

3. ಅರೆಯ ಮೇಲೆ ಗೋಡೆ ನಿಲ್ಲುವುದು ಕಚ್ಚಿನ ಬಲದಿಂದ

ಬೆಟ್ಟ ಹತ್ತುವವರು ಬೋಳು ಅರೆಯ ಮೇಲೆ ಸಾಲಾಗಿ ಕಡಿದ ಸಣ್ಣ ಸಣ್ಣ ಕಚ್ಚುಗಳನ್ನು ನೋಡಿ ಹಳೆಯ ಮೆಟ್ಟಿಲು ಅಂದುಕೊಳ್ಳುತ್ತಾರೆ. ಕೆಲವು ಮೆಟ್ಟಿಲೇ ಹೌದು. ಆದರೆ ಸಾಲು ಇಳಿಜಾರಿಗೆ ಅಡ್ಡಲಾಗಿ ಹೋಗುತ್ತಿದ್ದರೆ, ಅಥವಾ ಎರಡು ಸಾಲು ಸಮನಾಗಿ ಜೊತೆಗೆ ಸಾಗಿದ್ದರೆ, ಅಲ್ಲಿ ಒಂದು ಗೋಡೆ ಇತ್ತು ಎಂದು ತಿಳಿಯಬೇಕು. ಕಲ್ಲುಗಳು ಉರುಳಿಹೋಗಿವೆ, ಅಥವಾ ಯಾರದೋ ಹೊಲದ ಬದುವಿಗೆ, ಮನೆಯ ಪಾಯಕ್ಕೆ ಸೇರಿವೆ. ಕಚ್ಚು ಮಾತ್ರ ಉಳಿದಿದೆ.

ನಾನು ಅಳೆದ ಕಚ್ಚುಗಳಲ್ಲಿ ಒಂದನ್ನು ಮರೆಯಲಾರೆ. ಗೇಣಗಲ, ನಾಲ್ಕು ಬೆರಳು ಆಳ. ನೀರು ಹಾಕಿ ಉಜ್ಜಿದಾಗ ಅದರ ತಳ ಬೆಟ್ಟದ ಒಳಮುಖಕ್ಕೆ ಒಂದಿಷ್ಟೇ ಇಳಿದಿರುವುದು ಕಂಡಿತು. ಹೊರ ಅಂಚು ಬೆರಳಿನ ದಪ್ಪದಷ್ಟು ಎತ್ತರ. ಕೂರಿಸಿದ ಕಲ್ಲು ಜಾರಬೇಕೆಂದರೂ ಒಳಕ್ಕೇ ಜಾರಬೇಕು. ಒಂದು ಮೂಲೆಯಲ್ಲಿ ಕಿರುಬೆರಳಿನಷ್ಟು ತೋಡು ಕೊರೆದು ನೀರು ಹೊರಹೋಗಲು ದಾರಿ ಬಿಟ್ಟಿದ್ದ. ಹೆಸರು ಗೊತ್ತಿಲ್ಲದ ಒಬ್ಬ ಕಲ್ಲುಕುಟಿಗ, ಆ ಇಳಿಜಾರಿನಲ್ಲಿ ಬಿಸಿಲಿಗೆ ಕೂತು, ಯಾರ ಕಣ್ಣಿಗೂ ಬೀಳದೆ ಕಲ್ಲಿನಡಿ ಮುಚ್ಚಿಹೋಗುವ ಜಾಗದಲ್ಲಿ ಇಷ್ಟು ಯೋಚನೆ ಮಾಡಿದ್ದ.

ಈ ಕಚ್ಚುಗಳಿಗೆ ಸಿಮೆಂಟು ತುಂಬಿ ಮಟ್ಟ ಮಾಡಬೇಡಿ. ಹಳೆಯ ಕಚ್ಚು ಸಿಕ್ಕರೆ ಅದರಲ್ಲೇ ಹೊಸ ಕಲ್ಲು ಕೂರಿಸಿ. ಸರಳು ಹಾಕಲೇಬೇಕಾದರೆ ತುಕ್ಕು ಹಿಡಿಯದ ಉಕ್ಕು ಹಾಕಿ. ಮಾಮೂಲಿ ಕಂಬಿ ತುಕ್ಕು ಹಿಡಿದರೆ ಉಬ್ಬುತ್ತದೆ, ಉಬ್ಬಿದರೆ ಬಂಡೆಯನ್ನೇ ಸೀಳುತ್ತದೆ.

4. ಬಂಡೆಗೂ ಸಿಪ್ಪೆ ಇದೆ

ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಿಂದ ಬಂದದ್ದು. ಊರಿನ ಹೆಸರು ಬದಲಾದರೂ ಕಲ್ಲಿನ ಹೆಸರು ಬದಲಾಗಲಿಲ್ಲ. ಭೂವಿಜ್ಞಾನದವರು ಇವತ್ತಿಗೂ ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಸಾವನದುರ್ಗ, ಮಧುಗಿರಿ, ಪಾವಗಡ ಎಲ್ಲ ಉತ್ತರ ದಕ್ಷಿಣವಾಗಿ ಸಾಗುವ ಆ ಪಟ್ಟಿಯ ಮೇಲೇ ಇವೆ. ವಯಸ್ಸು ಸುಮಾರು 250 ಕೋಟಿ ವರ್ಷ.

ಈ ಕಲ್ಲು ಹುಟ್ಟಿದ್ದು ನೆಲದಾಳದಲ್ಲಿ, ಮೇಲಿನ ಅಷ್ಟೂ ಭಾರ ಹೊತ್ತುಕೊಂಡು. ಮೇಲಿನದೆಲ್ಲ ಸವೆದುಹೋದ ಮೇಲೆ ಒತ್ತಡ ಇಳಿದು ಬಂಡೆ ಹಿಗ್ಗಿತು. ಹಿಗ್ಗಿದಾಗ ಮೈಗೆ ಸಮನಾಗಿ, ಈರುಳ್ಳಿ ಪದರಿನ ಹಾಗೆ, ಬಿರುಕು ಬಿಟ್ಟಿತು. ನಮ್ಮ ಬೆಟ್ಟಗಳು ಬೋಳುತಲೆಯಂತೆ ದುಂಡಗೆ ಇರುವುದು ಇದರಿಂದಲೇ. ಮೇಲಿನ ಪದರು ಕಳಚಿದಲ್ಲೆಲ್ಲ ಕೆಳಗೆ ಒಂದು ಕಡಿದಾದ ಅಂಚು ಉಳಿಯುತ್ತದೆ. ಕಲ್ಲು ಒಡೆಯುವವರು ಇದನ್ನು ಯಾರೂ ಹೇಳಿಕೊಡದೆ ಬಲ್ಲರು. ಅರೆಯ ಮೇಲೆ ಸೌದೆ ಹರಡಿ ಬೆಂಕಿ ಹಾಕಿ, ನಿಧಾನಕ್ಕೆ ಮುಂದೆ ಸರಿಸುತ್ತ ಹೋದರೆ, ಪದರು ತಾನಾಗಿ ಎದ್ದು ಚಪ್ಪಡಿ ಸಿಗುತ್ತದೆ.

ಕೋಟೆ ಕೆಲಸದಲ್ಲಿ ಇದೇ ಪದರು ಅಪಾಯ. ನನ್ನ ಜೊತೆ 15 ವರ್ಷ ಕೆಲಸ ಮಾಡಿದ ಹಿರಿಯ ಮೇಸ್ತ್ರಿಯೊಬ್ಬರು ಹೊಸ ಜಾಗಕ್ಕೆ ಹೋದ ಕೂಡಲೇ ಸುತ್ತಿಗೆ ಹಿಡಿದು ಅರೆಯನ್ನು ಕುಟ್ಟುತ್ತ ಹೋಗುತ್ತಿದ್ದರು. ಟಣ್, ಟಣ್, ಟಣ್. ಒಂದು ಕಡೆ ಟಣ್ ಅನ್ನುವುದು ಡಬ್ ಅಂದಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತು, ಅಂಗೈ ಬಂಡೆಗೆ ಒತ್ತಿಟ್ಟು, ಇನ್ನೊಂದು ಕೈಯಲ್ಲಿ ಮತ್ತೆ ಮೆಲ್ಲಗೆ ಕುಟ್ಟಿದರು. "ಪದರು ಎದ್ದದೆ ಸಾರ್, ಅದುರು ಕೈಗೆ ಬರ್ತದೆ. ಇದರ ಮ್ಯಾಲೆ ಭಾರ ಹಾಕಬ್ಯಾಡ್ರಿ" ಅಂದರು. ನಕ್ಷೆಯಲ್ಲಿ ಅಟ್ಟಣಿಗೆಯ ಎರಡು ಕಾಲು ಬಂದದ್ದು ಅದೇ ಜಾಗಕ್ಕೆ. ನಾವು ಎರಡು ಮೀಟರ್ ಪಕ್ಕಕ್ಕೆ ಸರಿಸಿದೆವು. ಅದೇ ವರ್ಷದ ಏಪ್ರಿಲ್‌ನಲ್ಲಿ, ಉರಿಬಿಸಿಲಿಗೆ ಕಾದ ಬಂಡೆಯ ಮೇಲೆ ಸಂಜೆ ಆಲಿಕಲ್ಲು ಮಳೆ ಬಿದ್ದಾಗ, ಎಮ್ಮೆಯ ಗಾತ್ರದ ಚಕ್ಕೆ ಆ ಜಾಗದಿಂದ ಕಳಚಿ ಕೆಳಗಿನ ಪೊದೆಯವರೆಗೂ ಹೋಯಿತು. ಅವತ್ತಿನಿಂದ ನನ್ನ ಚೀಲದಲ್ಲಿ ಸಣ್ಣ ಸುತ್ತಿಗೆ ತಪ್ಪಿಲ್ಲ.

ಬಾದಾಮಿಗೆ ಹೋದರೆ ಈ ಪಾಠ ಬದಲಾಗುತ್ತದೆ. ಅದು ಮರಳುಗಲ್ಲು. ಪದರು ಅಡ್ಡಡ್ಡ, ಬಿರುಕು ನೆಟ್ಟಗೆ, ಹಾಗಾಗಿ ಬಂಡೆ ಗೋಡೆಯ ಹಾಗೆ ಸೀದಾ ನಿಂತಿರುತ್ತದೆ. ಕೆಳಗಿನ ಮೆದು ಪದರು ಸವೆದರೆ ಮೇಲಿನ ಗಟ್ಟಿ ಪದರಿಗೆ ಆಸರೆ ತಪ್ಪುತ್ತದೆ, ಬಿದ್ದರೆ ಚೌಕಾಕಾರದ ತುಂಡೇ ಬೀಳುತ್ತದೆ. ಅಲ್ಲಿ ಸುತ್ತಿಗೆಯ ಜೊತೆಗೆ, ಬಂಡೆಯ ಬುಡದಲ್ಲಿ ಹೊಸದಾಗಿ ಉದುರಿದ ಕೆಂಪು ಮರಳು ಬಿದ್ದಿದೆಯೇ ಎಂದು ದಿನಾ ಬೆಳಿಗ್ಗೆ ನೋಡಬೇಕು.

5. ನೀರಿಗೆ ದಾರಿ ಬಿಡಿ

ಈ ಪಾಠ ಕಲಿತದ್ದು ನಷ್ಟದಿಂದ. ಕೆಲಸಕ್ಕೆ ಸೇರಿ ಆರನೇ ವರ್ಷ. ಒಂದು ಗಿರಿದುರ್ಗದಲ್ಲಿ, ಕಡಿದಾದ ಅಂಚಿನ ಮೇಲಿದ್ದ ಹಳೆಯ ಗೋಡೆ. ಕಲ್ಲಿನ ಮೇಲೆ ಕಲ್ಲು ಕೂರಿಸಿ, ಸಂದಿಗೆ ಚಕ್ಕೆ ತುರುಕಿ, ಗಾರೆಯೇ ಇಲ್ಲದೆ ಕಟ್ಟಿದ್ದು. ಸಂದುಗಳೆಲ್ಲ ಬಾಯಿಬಿಟ್ಟುಕೊಂಡು ಕಾಣುತ್ತಿದ್ದವು, ಹುಲ್ಲು ಬೆಳೆದಿತ್ತು. ಮೇಲಿನವರು ಸಂದು ಮುಚ್ಚಿ ಅಂದರು. ನಾನು ಒಂದು ಮಾತೂ ಎತ್ತದೆ ಸಿಮೆಂಟಿನಲ್ಲಿ ಮುಚ್ಚಿಸಿದೆ. ಗೋಡೆ ಚೊಕ್ಕವಾಗಿ, ಗೆರೆ ಎಳೆದ ಹಾಗೆ ಕಂಡಿತು. ಫೋಟೊ ತೆಗೆಸಿಕೊಂಡೆವು.

ಎರಡನೇ ಮಳೆಗಾಲಕ್ಕೆ ಗೋಡೆ ಹೊಟ್ಟೆ ಬಿಟ್ಟಿತು. ಮೇಸ್ತ್ರಿಗಳ ಮಾತು ಅದು: ಗೋಡೆ ನಡುವಿನಲ್ಲಿ ಹೊರಕ್ಕೆ ಉಬ್ಬುವುದು. ಹಿಂದೆ ತುಂಬಿದ್ದ ಮಣ್ಣು ಕಲ್ಲಿನೊಳಗೆ ಬೆಟ್ಟದ ನೀರೆಲ್ಲ ಇಳಿಯುತ್ತಿತ್ತು. ಅಷ್ಟು ಕಾಲ ಆ ನೀರು ಸಾವಿರ ಸಂದಿಯಲ್ಲಿ ತೊಟ್ಟಿಕ್ಕಿ ಹೊರಹೋಗುತ್ತಿತ್ತು. ನಾನು ಸಾವಿರ ಬಾಯಿಯನ್ನೂ ಮುಚ್ಚಿದ್ದೆ. ಒಂದು ಮೀಟರ್ ಎತ್ತರದ ನೀರು ತನ್ನ ತಳದಲ್ಲಿ ಪ್ರತಿ ಚದರ ಮೀಟರಿಗೆ ಒಂದು ಟನ್ ಒತ್ತಡ ಹಾಕುತ್ತದೆ ಎಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಗೋಡೆಯ ಮುಂದೆ ನಿಂತಾಗ ನೆನಪಾಗಲಿಲ್ಲ. ಒಂದು ರಾತ್ರಿ 12 ಮೀಟರ್ ಗೋಡೆ ಕುಸಿಯಿತು. ಕೆಳಗೆ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಬೆಳಿಗ್ಗೆ ಹೋಗಿ ನೋಡಿದರೆ, ಶತಮಾನಗಳ ಮಳೆ ತಡೆದ ಕಲ್ಲುಗಳು ಇಳಿಜಾರಿನುದ್ದಕ್ಕೂ ಚೆಲ್ಲಿದ್ದವು. ಒಂದೊಂದಕ್ಕೂ ನಾನು ಹಾಕಿಸಿದ ಸಿಮೆಂಟಿನ ಬೂದುಗೆರೆ ಅಂಟಿಕೊಂಡಿತ್ತು. ಆ ಗೆರೆ ಇವತ್ತಿಗೂ ಕಣ್ಣಮುಂದೆ ಬರುತ್ತದೆ.

ಹಾಗಾಗಿ, ಗಾರೆಯಿಲ್ಲದೆ ಕಟ್ಟಿದ ಗೋಡೆಯನ್ನು ಗಾರೆಯಿಲ್ಲದೆಯೇ ಕಟ್ಟಿ. ಸುಣ್ಣದಲ್ಲಿ ಕಟ್ಟಿದ್ದನ್ನು ಸುಣ್ಣದಲ್ಲೇ ಕಟ್ಟಿ. ಸುಣ್ಣ ತೇವ ಹೀರುತ್ತದೆ, ಬಿಡುತ್ತದೆ. ಗೋಡೆ ಮುಟ್ಟುವ ಮೊದಲು ಒಂದು ಮಳೆಗಾಲ ಪೂರ್ತಿ ಬೆಟ್ಟದ ಮೇಲೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಿ. ಮಳೆಗಾಲ ಸಿಗದಿದ್ದರೆ ಅರೆಯ ಮೇಲಿನ ಕಪ್ಪು ಪಟ್ಟೆಗಳನ್ನು ನೋಡಿ. ನೀರು ಹರಿದಲ್ಲಿ ಪಾಚಿ ಬೆಳೆದು ಒಣಗಿ ಕಪ್ಪಾಗಿರುತ್ತದೆ, ಪ್ರತಿ ಪಟ್ಟೆಯೂ ಒಂದು ಹಳ್ಳ. ಆ ಪಟ್ಟೆ ಬಂದು ಗೋಡೆಗೆ ಮುಟ್ಟುವ ಜಾಗದಲ್ಲಿ ಹಳಬರು ತೂಬು ಬಿಟ್ಟಿರುತ್ತಾರೆ, ಬಹಳ ಕಡೆ ಅದು ಮಣ್ಣು ತುಂಬಿ ಮುಚ್ಚಿರುತ್ತದೆ. ಅದನ್ನು ಬಿಡಿಸಿದರೆ ಅರ್ಧ ದುರಸ್ತಿ ಮುಗಿದ ಹಾಗೆ.

ಹಳಬರು ನೀರನ್ನು ಹೊರಗೆ ಹಾಕಿ ಕೈತೊಳೆದುಕೊಂಡವರಲ್ಲ. ಚಿತ್ರದುರ್ಗದಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ ಇಳಿಯುತ್ತ ಹೋಗುತ್ತದೆ. ಬೋಳು ಬಂಡೆಯ ಇಳಿಜಾರು ಒಂದು ಹನಿಯನ್ನೂ ಕುಡಿಯುವುದಿಲ್ಲ, ಬಿದ್ದದ್ದನ್ನೆಲ್ಲ ಕೆಳಗೆ ಕೊಡುತ್ತದೆ. ಶತ್ರುವನ್ನು ಜಾರಿಸುವ ಅದೇ ಅರೆ ಒಳಗಿನವರಿಗೆ ಕುಡಿಯುವ ನೀರು ಹಿಡಿದುಕೊಡುತ್ತಿತ್ತು.

6. ಅರಳಿ ಬೇರನ್ನು ಕೀಳಬೇಡಿ

ಹಕ್ಕಿ ತಂದು ಹಾಕಿದ ಬೀಜದಿಂದ ಸಂದಿಯಲ್ಲಿ ಹುಟ್ಟಿದ ಅರಳಿ, ಆಲ, ಅತ್ತಿ ಗೋಡೆಯನ್ನು ಸೀಳುತ್ತವೆ, ನಿಜ. ಆದರೆ ದೊಡ್ಡದಾದ ಮೇಲೆ ಅದೇ ಬೇರು ಕಲ್ಲುಗಳನ್ನು ತಬ್ಬಿ ಹಿಡಿದಿರುತ್ತದೆ. ಹಾರೆ ಹಾಕಿ ಕಿತ್ತರೆ ಬೇರಿನ ಜೊತೆ ಗೋಡೆಯೂ ಬರುತ್ತದೆ. ಕಾಂಡ ಕಡಿದು, ಮತ್ತೆ ಚಿಗುರದಂತೆ ಔಷಧಿ ಹಚ್ಚಿ, ಬೇರು ಒಣಗುವವರೆಗೆ ಕಾಯಬೇಕು. ಆಮೇಲೆ ಒಂದೊಂದೇ ಕಲ್ಲು ಬಿಚ್ಚಿ, ನಂಬರ್ ಹಾಕಿ, ತಿರುಗಿ ಕೂರಿಸಬೇಕು. ಗೇಣುದ್ದದ ಸಸಿಯನ್ನು ಕಂಡಾಗಲೇ ಚಿವುಟಿದರೆ ಇಷ್ಟು ಕೆಲಸವಿಲ್ಲ. ವರ್ಷಕ್ಕೆ ಒಮ್ಮೆ, ಮಳೆಗಾಲ ಮುಗಿದ ಮೇಲೆ, ಒಬ್ಬ ಆಳು ಹಗ್ಗ ಕಟ್ಟಿಕೊಂಡು ಗೋಡೆಯುದ್ದಕ್ಕೂ ಓಡಾಡಿದರೆ ಸಾಕು.

7. ಕಡಿದು ತಾನೇ ಕಾವಲು ಕಾಯುವುದಿಲ್ಲ

ಚಿತ್ರದುರ್ಗದ ಓಬವ್ವನ ಕಿಂಡಿಯ ಮುಂದೆ ನಿಂತು ನೋಡಿದವರಿಗೆ ಇದು ತಿಳಿಯುತ್ತದೆ. ಸುತ್ತ ಎತ್ತರದ ಬಂಡೆಗಳು, ನಡುವೆ ಒಬ್ಬ ಮನುಷ್ಯ ಮೈ ಕುಗ್ಗಿಸಿ ತೆವಳಿ ಬರಬಹುದಾದ ಒಂದು ಸಂದು. ಕಾವಲುಗಾರ ಊಟಕ್ಕೆ ಹೋಗಿದ್ದಾಗ, ನೀರಿಗೆ ಬಂದ ಅವನ ಹೆಂಡತಿ ಒನಕೆ ಹಿಡಿದು ಹೈದರನ ಸೈನಿಕರನ್ನು ಒಬ್ಬೊಬ್ಬರಾಗಿ ಬಡಿದು ಹಾಕಿದಳು ಎಂದು ದುರ್ಗದ ಜನ ಇವತ್ತಿಗೂ ಹೇಳುತ್ತಾರೆ. ಬಂಡೆ ಸಂದನ್ನು ಕಿರಿದು ಮಾಡಿಕೊಟ್ಟಿತು, ಅಷ್ಟೇ. ಉಳಿದದ್ದು ಓಬವ್ವನದು. 1779ರಲ್ಲಿ ಕೋಟೆ ಕೊನೆಗೂ ಹೈದರನ ಕೈಸೇರಿತು. ಬಂಡೆ ಇದ್ದ ಹಾಗೇ ಇತ್ತು.

ನಂದಿದುರ್ಗವನ್ನು ತೆಗೆದುಕೊಳ್ಳಿ. ಟಿಪ್ಪು ಡ್ರಾಪ್ ಎಂದು ಪ್ರವಾಸಿಗರು ಇಣುಕುವ ದರಿ ಎಂಥದು ಎಂದು ಎಲ್ಲರೂ ಬಲ್ಲರು. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೇನೆ ಆ ಕಡೆಗೆ ಹೋಗಲಿಲ್ಲ. ಇಳಿಜಾರು ಕೊಂಚ ಸೌಮ್ಯವಾಗಿದ್ದ ಪಶ್ಚಿಮದ ಮಗ್ಗುಲಿಂದ ಫಿರಂಗಿ ಎಳೆದುಕೊಂಡು ಹೋಗಿ, ಸುಮಾರು ಮೂರು ವಾರ ಗೋಡೆ ಹೊಡೆದು, ಅಕ್ಟೋಬರ್ 19ಕ್ಕೆ ಹಿಡಿಯಿತು. ಆ ಮಗ್ಗುಲಿಗೆ ಜೋಡಿ ಗೋಡೆ ಕಟ್ಟಿದ್ದರು. ಅಲ್ಲೇ ಬರುತ್ತಾರೆಂದು ಕಟ್ಟಿದವರಿಗೂ ಗೊತ್ತಿತ್ತು. ಅದೇ ಡಿಸೆಂಬರ್ 21ಕ್ಕೆ ಸಾವನದುರ್ಗ ಬಿತ್ತು. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ನೆತ್ತಿ, ನಡುವೆ ಕೊರಕಲು, ಸುತ್ತ ದಟ್ಟ ಕಾಡು. ಈ ಕಾಡು ಬಂಡೆಗಳ ನಡುವೆ ಯಾರೂ ಬಾರರು ಎಂಬ ಭರವಸೆ ಹತ್ತೇ ದಿನದ ಮುತ್ತಿಗೆಯಲ್ಲಿ ಮುರಿಯಿತು.

ನಮ್ಮ ಕೆಲಸಕ್ಕೆ ಇದರ ಸಂಬಂಧ ನೇರವಾಗಿದೆ. ಹಾನಿಯ ಪಟ್ಟಿ ಮಾಡುವಾಗ ಎಲ್ಲರೂ ಹೆಬ್ಬಾಗಿಲ ಕಡೆ ಬರೆದು ಮುಗಿಸುತ್ತಾರೆ. ಹಿಂಬದಿಯ ಕಡಿದಾದ ಅಂಚಿಗೆ ಯಾರೂ ಹೋಗುವುದಿಲ್ಲ. ಹೋಗಬೇಕಾದದ್ದು ಅಲ್ಲಿಗೇ. ನಿಧಿಯ ಆಸೆಗೆ ಅಗೆಯುವವರು ರಾತ್ರಿ ಕೂತು ಬುನಾದಿ ಕೆದಕುವುದು ಯಾರೂ ಬಾರದ ಆ ಮಗ್ಗುಲಲ್ಲೇ. ಒಂದು ಬತೇರಿಯ ಬುಡದಲ್ಲಿ ಅಂಥ ಗುಂಡಿ ಕಂಡಾಗ ನನಗೆ ಹೊಟ್ಟೆ ಉರಿದುಹೋಯಿತು. ಹೊನ್ನು ಸಿಕ್ಕಿತೋ ಇಲ್ಲವೋ, ಬತೇರಿಯ ಒಂದು ಮಗ್ಗುಲು ಮಾತ್ರ ಹೋಗಿತ್ತು.

8. ಬಂಡೆ ಕಡಿದ ಹಾಗೆ ಮಣ್ಣು ಕಡಿಯಬೇಡಿ

ಇಳಿಜಾರನ್ನು ಕಡಿದು ನೆಟ್ಟಗೆ ಮಾಡುವುದು ಹಳೆಯ ವಿದ್ಯೆ. ಅದರ ತುತ್ತತುದಿ ನೋಡಬೇಕಾದರೆ ದೇವಗಿರಿಗೆ, ಈಗಿನ ದೌಲತಾಬಾದಿಗೆ ಹೋಗಬೇಕು. ಕನ್ನಡದಲ್ಲೂ ಶಾಸನ ಬರೆಸಿದ ಸೇವುಣರ ರಾಜಧಾನಿ ಅದು. ಸುಮಾರು 200 ಮೀಟರ್ ಎತ್ತರದ ಗುಡ್ಡದ ಕೆಳಮೈಯನ್ನು ಸುತ್ತಲೂ ಕಡಿದು, 50 ಮೀಟರಿನಷ್ಟು ಸೀದಾ ಗೋಡೆಯ ಹಾಗೆ ನಿಲ್ಲಿಸಿದ್ದಾರೆ. ಬುಡದಲ್ಲಿ ಬಂಡೆಯಲ್ಲೇ ಕಡಿದ ಕಂದಕ. ಅದು ಗಟ್ಟಿ ಕಪ್ಪುಶಿಲೆ, ಆದ್ದರಿಂದ ನಿಂತಿತು.

ಮಣ್ಣಿಗೆ ಆ ಗುಣವಿಲ್ಲ. ಸಡಿಲವಾದ ಒಣಮಣ್ಣನ್ನು ರಾಶಿ ಹಾಕಿದರೆ 30, 35 ಡಿಗ್ರಿಗೆ ತಾನಾಗಿ ನಿಲ್ಲುತ್ತದೆ. ಅದಕ್ಕಿಂತ ಕಡಿದು ಮಾಡಿದರೆ ಯಾವುದೋ ಮಳೆಯಲ್ಲಿ ತನ್ನ ಕೋನಕ್ಕೆ ತಾನು ಹಿಂದಿರುಗುತ್ತದೆ. ಕರಾವಳಿಯಲ್ಲಿ ಜಂಬಿಟ್ಟಿಗೆ ಕಡಿದರೆ ಇಟ್ಟಿಗೆಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಗಾಳಿಗೆ ಇನ್ನೂ ಗಟ್ಟಿಯಾಗುತ್ತದೆ. ಮೋಸ ಇರುವುದು ಅದರ ಕೆಳಗೆ. ಅಲ್ಲಿ ಶೇಡಿಮಣ್ಣು. ಒಣಗಿದಾಗ ಸೀಮೆಸುಣ್ಣದಂತೆ ಗಟ್ಟಿ, ನೀರು ಕುಡಿದರೆ ಬೆಣ್ಣೆ. ಮೇಲಿನ ಗಟ್ಟಿ ಪದರನ್ನು ನಂಬಿ ಬುಡ ಕಡಿದರೆ ಇಡೀ ಗುಡ್ಡವೇ ಜಾರುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿಗೆ ಇಳಿದಾಗ ಹೋದ ಜೀವಗಳನ್ನು ನಾವು ಯಾರೂ ಮರೆಯಬಾರದು. 2021ರಲ್ಲಿ ನಂದಿಬೆಟ್ಟದ ರಸ್ತೆ, ಚಾಮುಂಡಿಬೆಟ್ಟದಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆ ಕುಸಿದದ್ದೂ ಜೋರು ಮಳೆಯಲ್ಲೇ. ಕಲ್ಲುಬೆಟ್ಟ ಎಂದು ಕರೆದರೂ ಅದರ ಬುಡದ ಸುತ್ತ ಇರುವುದು ಮಣ್ಣು, ಸಡಿಲ ಗುಂಡು. ಕೋಟೆಗೆ ವಾಹನ ಹೋಗಲಿ ಎಂದು ಯಾರಾದರೂ ಜೆಸಿಬಿ ತಂದರೆ, ನಕ್ಷೆ ಎಲ್ಲಿ ಎಂದು ಗಟ್ಟಿಯಾಗಿ ಕೇಳಿ. ಕೆಲಸ ಹೋದರೂ ಕೇಳಿ.

9. ಇಳಿಯುವುದಕ್ಕೆ ಹೊತ್ತು ಉಳಿಸಿಕೊಳ್ಳಿ

ಮಧುಗಿರಿಯ ಮೇಲುಭಾಗದಲ್ಲಿ ಅರೆಯಲ್ಲಿ ಕಡಿದ ಮೆಟ್ಟಿಲುಗಳಿಗೆ ಅರ್ಧ ಪಾದವೂ ಕೂರುವುದಿಲ್ಲ. ಹತ್ತುವಾಗ ಮುಂಗಾಲು ಸಿಕ್ಕಿಸಿ ಹೋಗಿಬಿಡಬಹುದು. ಇಳಿಯುವಾಗ ಹಿಮ್ಮಡಿ ಗಾಳಿಯಲ್ಲಿ ನಿಲ್ಲುತ್ತದೆ, ಎದುರಿಗೆ ಊರು, ಕೆರೆ, ಆಕಾಶ. ಕಟ್ಟಿದವರಿಗೆ ಬೇಕಾಗಿದ್ದುದೇ ಅದು: ಬರುವವರು ಒಬ್ಬರ ಹಿಂದೆ ಒಬ್ಬರು, ನಿಧಾನವಾಗಿ, ಕೈಯಲ್ಲಿ ಕತ್ತಿ ಹಿಡಿಯಲಾಗದೆ ಬರಬೇಕು.

ಜಾರಿ ಬಿದ್ದವರನ್ನು ನಾನು ಕಂಡದ್ದು ಹೆಚ್ಚಾಗಿ ಇಳಿಯುವಾಗ, ಅದೂ ಸಂಜೆ ನಾಲ್ಕರ ಮೇಲೆ. ಕಾಲು ಸೋತಿರುತ್ತದೆ, ಬೂಟಿನಡಿಗೆ ದಿನವಿಡೀ ಅಂಟಿದ ಸುಣ್ಣದ ಪುಡಿ ಇರುತ್ತದೆ, ಮನೆಗೆ ಹೋಗುವ ಅವಸರ ಇರುತ್ತದೆ. ನನ್ನ ಸೈಟಿನಲ್ಲಿ ಮೂರೂವರೆಗೆ ಸಾಮಾನು ಕಟ್ಟುತ್ತೇವೆ. ಬೂಟಿನ ಅಡಿ ಒರೆಸಿಕೊಂಡೇ ಇಳಿಯಬೇಕು. 35 ಡಿಗ್ರಿಗಿಂತ ಕಡಿದಾದಲ್ಲಿ ಮುಖ ಬಂಡೆಯ ಕಡೆ, ಏಣಿ ಇಳಿದ ಹಾಗೆ. ಉಳಿದ ಕಡೆ ಅಡ್ಡಡ್ಡ, ಹಾವು ಹರಿದ ಹಾಗೆ. ಕೈಯಲ್ಲಿ ಏನೂ ಇರಕೂಡದು, ಮೊಬೈಲಂತೂ ಇರಲೇಕೂಡದು. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇಳಿಯಕೂಡದು, ಮೇಲಿನವರ ಕಾಲಿಂದ ಎದ್ದ ಮುಷ್ಟಿಗಾತ್ರದ ಕಲ್ಲು ಸಾಕು. ನಂದಿದುರ್ಗದ ಮುತ್ತಿಗೆಯಲ್ಲಿ ಒಳಗಿನವರು ಉರುಳಿಸಿದ ಕಲ್ಲುಗಳೇ ಏರಿಬಂದವರಿಗೆ ಹೆಚ್ಚು ಪೆಟ್ಟು ಕೊಟ್ಟವು ಎಂದು ಆಗಿನ ಬ್ರಿಟಿಷರ ಬರಹಗಳೇ ಹೇಳುತ್ತವೆ.

10. ಅಂಚಿನಲ್ಲಿ ವಾಸವಿರುವವರನ್ನು ಕೇಳಿ ಕೆಲಸ ಹಿಡಿಯಿರಿ

ಮನುಷ್ಯ ಹತ್ತಲಾರದ ಜಾಗ ಎಂದೇ ಬೇರೆ ಜೀವಗಳು ಅಲ್ಲಿಗೆ ಬಂದಿವೆ. ರಾಮನಗರದ ರಾಮದೇವರಬೆಟ್ಟದ ಬಂಡೆಯಂಚುಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಮಾಡುತ್ತವೆ. 2012ರಲ್ಲಿ ಅದನ್ನು ರಣಹದ್ದುಗಳ ಧಾಮವೆಂದು ಘೋಷಿಸಿದರು. ಮೊಟ್ಟೆಯಿಟ್ಟು ಮರಿ ಮಾಡುವ ಚಳಿಗಾಲ, ಬೇಸಿಗೆಯಲ್ಲಿ ಅಂಥ ಬಂಡೆಯ ಹತ್ತಿರ ಸುತ್ತಿಗೆ ಸದ್ದು, ಹಗ್ಗ, ಡ್ರೋನು ಯಾವುದೂ ಸಲ್ಲದು. ಒಂದು ಗೂಡಿಗೆ ವರ್ಷಕ್ಕೆ ಒಂದೇ ಮೊಟ್ಟೆ. ನಂದಿಬೆಟ್ಟದ ಕಲ್ಲುಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ಕಲ್ಲುಗುಡ್ಡದ ಕುರುಚಲು ಬಿಟ್ಟರೆ ಅದಕ್ಕೆ ಬೇರೆ ಮನೆಯಿಲ್ಲ.

ಹೆಜ್ಜೇನಿನ ವಿಷಯ ಬೇರೆಯೇ. ಮಧುಗಿರಿಯ ಹೆಸರಿನಲ್ಲೇ ಜೇನಿದೆ. ಮುಂಚಾಚಿದ ಬಂಡೆಯಡಿ ತೂಗುವ ಹಲ್ಲೆ ದೂರಕ್ಕೆ ಕಪ್ಪು ಕಲೆಯ ಹಾಗೆ ಕಾಣುತ್ತದೆ. ಬಿಸಿಲೇರಿದಾಗ ಅದರ ಮೈಮೇಲೆ ಅಲೆ ಎದ್ದಂತೆ ಹರಿದರೆ, ಹುಳುಗಳು ಎಚ್ಚರವಾಗಿವೆ ಎಂದು ಅರ್ಥ, ಸದ್ದಿಲ್ಲದೆ ಹಿಂದೆ ಸರಿಯಬೇಕು. ಬೀಡಿ ಇಲ್ಲ, ಅಡುಗೆಯ ಹೊಗೆ ಇಲ್ಲ, ಸೆಂಟು ಹಾಕಿಕೊಂಡು ಬರುವಂತಿಲ್ಲ. ಕಡಿದಾದ ಜಾಗದಲ್ಲಿ ಜೇನು ಎದ್ದರೆ ಓಡಲು ದಾರಿಯಿಲ್ಲ.

ಕಳೆದ ವರ್ಷ ಒಂದು ಕೊತ್ತಲದ ಹೊರಮೈ ಕೆಲಸ ಹಿಡಿದಿದ್ದೆವು. ಸರಿಯಾಗಿ ಅದರ ಪಕ್ಕದ ಬಂಡೆಯಲ್ಲಿ ನಾಲ್ಕು ಹಲ್ಲೆ ಬಂದು ಕೂತವು. ಹೊಗೆ ಹಾಕಿ ಎಬ್ಬಿಸೋಣ ಎಂದು ಒಬ್ಬಿಬ್ಬರು ಅಂದರು. ಮೇಸ್ತ್ರಿ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. "ಮಳೆ ಹತ್ರ ಬಂದ್ರೆ ತಾವೇ ಎದ್ದು ಹೋಗ್ತಾವೆ ಸಾರ್, ಕಲ್ಲು ಎಲ್ಲಿಗೂ ಹೋಗಲ್ಲ" ಅಂದರು ಅವರು. ಬಿಚ್ಚಿಟ್ಟ ಕಲ್ಲುಗಳಿಗೆ ಸುಣ್ಣದಲ್ಲಿ ನಂಬರ್ ಹಾಕಿ, ಅರೆಯ ಮೇಲೆ ಉರುಳದಂತೆ ಒಂದೊಂದಕ್ಕೂ ಚಕ್ಕೆ ಕೊಟ್ಟು, ಒಳಗಿನ ಗೋಡೆಯ ಕೆಲಸಕ್ಕೆ ಹೋದೆವು. ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಹೋಗಿ ನೋಡಿದಾಗ ಹಲ್ಲೆಗಳು ಖಾಲಿ, ಮೇಣ ಮಾತ್ರ ಒಣಗಿ ತೂಗುತ್ತಿತ್ತು. ಮಳೆ ಹಿಡಿಯುವ ಮೊದಲು ಸಿಕ್ಕ 11 ದಿನದಲ್ಲಿ 43 ಕಲ್ಲೂ ಅದರದರ ಜಾಗದಲ್ಲಿ ಕೂತವು.